ಹೈವೇಲಿ ದಮ್ಮು ಕಟ್ಟುವ ಹಳೇ ಗಾಡಿ: ಓದುಗರ ಟೂ ಸ್ಟ್ರೋಕ್ ಪ್ರಶ್ನೆಗಳು

ಪ್ರಶ್ನೆ: ನಮ್ಮ ಅಪ್ಪ ತಗೊಂಡಿದ್ದ 1993ರ ಯಮಹಾ ಆರ್‌ಎಕ್ಸ್ 100 ಈಗ ನಾನು ಓಡಿಸ್ತಾ ಇದ್ದೇನೆ. ಪೇಟೇಲಿ ಏನೂ ತೊಂದ್ರೆ ಇಲ್ಲ, ದೇವಿಮನೆ ಘಟ್ಟ ಇಬ್ಬರನ್ನ ಕೂರಿಸ್ಕೊಂಡೇ ಹತ್ತುತ್ತದೆ. ಆದ್ರೆ ಹೈವೇಲಿ ಅಂಕೋಲಾ ಕಡೆ ಹೋಗುವಾಗ ಎಕ್ಸಲೇಟರ್ ಪೂರ್ತಿ ಕೊಟ್ರೆ ಮೊದಲು ಚೆನ್ನಾಗೇ ಎಂಬತ್ತರ ಹತ್ರ ಹೋಗ್ತದೆ, ಸ್ವಲ್ಪ ಹೊತ್ತಾದ ಮೇಲೆ ದಮ್ಮು ಕಟ್ಟಿದ ಹಾಗೆ ಆಗಿ ತಾನಾಗೇ ಐವತ್ತಕ್ಕೆ ಇಳೀತದೆ. ಎಕ್ಸಲೇಟರ್ ಬಿಟ್ಟು ನಿಧಾನ ಹೋದ್ರೆ ಮತ್ತೆ ಸರಿ. ಮಳೆಗಾಲದ ಮುಂಚೆ ಟ್ಯಾಂಕಲ್ಲಿ ತುಕ್ಕು ಕಂಡಿತ್ತು ಅಂತ ಪೈಪಿಗೆ ಪ್ಲಾಸ್ಟಿಕ್ ಫಿಲ್ಟರ್ ಹಾಕಿಸಿದ್ದೆ. ಕಾರ್ಬೊರೇಟರ್ ಕ್ಲೀನ್ ಆಯ್ತು, ಪ್ಲಗ್ ಹೊಸದು. ಮೆಕ್ಯಾನಿಕ್ ಬೋರ್ ಮಾಡಿಸಿ ಪಿಸ್ಟನ್ ಬದಲಿಸ್ಬೇಕು ಅಂತಾರೆ. ಮಾಡಿಸ್ಲಾ?
(ಕುಮಟಾದ ಓದುಗರು)

ಉತ್ತರ: ಬೇಡ. ಈಗಲೇ ಬೋರ್ ಬೇಡವೇ ಬೇಡ. ನೀವು ಬರೆದದ್ದರಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ, ಅದನ್ನ ಸಮಾಧಾನದಲ್ಲಿ ಓದ್ಬೇಕು ಅಷ್ಟೆ.

ಬೋರ್, ಅಂದ್ರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ, ಸವೆದಿದ್ರೆ, ರಿಂಗ್ ಹೋಗಿದ್ರೆ ಗಾಡಿ ಎಲ್ಲಾ ಕಡೆ ಸೋಲ್ತದೆ. ಬೆಳಿಗ್ಗೆ ಕಿಕ್ ಹೊಡೆಯುವಾಗ್ಲೇ ಕಾಲಿಗೆ ಗೊತ್ತಾಗ್ತದೆ, ಘಟ್ಟದಲ್ಲಿ ಇಬ್ಬರಿದ್ರೆ ಫಸ್ಟ್ ಗೇರಿಗೆ ಇಳೀಬೇಕಾಗ್ತದೆ. ನಿಮ್ಮದು ದೇವಿಮನೆ ಘಟ್ಟ ಇಬ್ಬರನ್ನ ಹೊತ್ತು ಹತ್ತುತ್ತದೆ ಅಂದ್ರೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಇದೆ ಅಂತಲೇ ಅರ್ಥ. ಅನುಮಾನ ಇದ್ರೆ ಗೇಜ್ ಇರುವ ಗ್ಯಾರೇಜಿಗೆ ಹೋಗಿ, ಎಕ್ಸಲೇಟರ್ ಪೂರ್ತಿ ತೆರೆದಿಟ್ಟು ಕಿಕ್ ಹೊಡೆದು ಅಳೆಸಿ. 100 ಪಿಎಸ್‌ಐ ಕೆಳಗೆ ಬಂದ್ರೆ ಆಮೇಲೆ ಬ್ಲಾಕ್ (ಸಿಲಿಂಡರ್) ಬಿಚ್ಚುವ ಮಾತು. ಇದನ್ನ ಒತ್ತಿ ಹೇಳೋದಕ್ಕೆ ಕಾರಣ ಉಂಟು. ಆರ್‌ಎಕ್ಸ್ 100ರ ಬೋರ್ 50 ಎಂಎಂ, ಒಂದೊಂದು ಸಲ ಬೋರ್ ಮಾಡಿಸಿದಾಗಲೂ ಸಾಮಾನ್ಯವಾಗಿ ಕಾಲು ಎಂಎಂ ಕೆತ್ತಿ ಹೋಗ್ತದೆ, ಒಂದು ಎಂಎಂ ದೊಡ್ಡದಾದ ಮೇಲೆ ಸ್ಲೀವ್ (ಒಳಗೆ ಕೂರಿಸುವ ಹೊಸ ಕೊಳವೆ) ಹಾಕದೆ ಗತಿ ಇಲ್ಲ. ಈ ಗಾಡಿ ಬರೋದು ನಿಂತದ್ದು 1996ರಲ್ಲಿ. ಕಂಪನಿಯ ಒರಿಜಿನಲ್ ಬ್ಲಾಕ್ ಈಗ ಹುಡುಕಿದ್ರೂ ಸಿಗೋದು ಕಷ್ಟ, ಇರುವ ಬ್ಲಾಕನ್ನ ಸುಮ್ಮನೆ ಒಂದು ಸೈಜ್ ಖರ್ಚು ಮಾಡೋದು ನನಗಂತೂ ಹೊಟ್ಟೆ ಉರಿಯುವ ವಿಷಯ.

ಈಗ ನಿಮ್ಮ ಗಾಡಿಯ ಲಕ್ಷಣ ನೋಡಿ. ಮೊದಲು ಚೆನ್ನಾಗಿ ಹೋಗ್ತದೆ, ಸ್ವಲ್ಪ ಹೊತ್ತಾದ ಮೇಲೆ ಸೋಲ್ತದೆ, ನಿಧಾನ ಮಾಡಿದ್ರೆ ತಾನಾಗೇ ಸರಿ ಆಗ್ತದೆ. ಇದು ಪೆಟ್ರೋಲ್ ಸಾಲದೆ ಬರುವ ಲಕ್ಷಣ. ಕಾರ್ಬೊರೇಟರಿನ ಫ್ಲೋಟ್ ಬೌಲಲ್ಲಿ ನಿಲ್ಲೋದು ಕೆಲವೇ ಚಮಚ ಪೆಟ್ರೋಲ್. ಗಂಟೆಗೆ 80 ಕಿಲೋಮೀಟರ್ ಹೋಗುವಾಗ ಮೈಲೇಜ್ ಲೀಟರಿಗೆ 25ಕ್ಕೆ ಇಳೀತು ಅಂತ ಇಟ್ಕೊಳ್ಳಿ, ಗಂಟೆಗೆ 3 ಲೀಟರಿಗಿಂತ ಜಾಸ್ತಿ ಬೇಕು, ಅಂದ್ರೆ ನಿಮಿಷಕ್ಕೆ 50 ಎಂಎಲ್ ಮೇಲೆ. ಮೇಲಿಂದ ಅಷ್ಟು ಇಳೀದೆ ಇದ್ರೆ ಬೌಲಲ್ಲಿದ್ದದ್ದು ಮುಗಿಯುವ ತನಕ ಗಾಡಿ ಹಾರ್ತದೆ, ಆಮೇಲೆ ಸೋಲ್ತದೆ. ಪೇಟೇಲಿ ಇದರ ಅರ್ಧವೂ ಬೇಡ, ಘಟ್ಟದಲ್ಲಿ ಸೆಕೆಂಡ್ ಗೇರಲ್ಲಿ ಅರ್ಧ ಎಕ್ಸಲೇಟರಲ್ಲಿ ಹೋಗುವಾಗಲೂ ಇಷ್ಟು ಬೇಡ, ಅದಕ್ಕೇ ಅಲ್ಲೆಲ್ಲ ಗೊತ್ತಾಗೋದಿಲ್ಲ.

ನನ್ನ ಮೊದಲ ಅನುಮಾನ ಆ ಪ್ಲಾಸ್ಟಿಕ್ ಫಿಲ್ಟರ್ ಮೇಲೆ. ಅದರಲ್ಲಿ ಕೆಲವು ಪಂಪ್ ಇರುವ ಗಾಡಿಗೆ ಮಾಡಿದ್ದು, ಒಳಗೆ ದಪ್ಪ ಪೇಪರ್ ಇರ್ತದೆ, ಪಂಪ್ ಒತ್ತಿ ದಾಟಿಸ್ತದೆ. ನಮ್ಮದಕ್ಕೆ ಪಂಪ್ ಎಲ್ಲಿಂದ, ಟ್ಯಾಂಕ್ ಮೇಲೆ ಇದೆ ಕಾರ್ಬೊರೇಟರ್ ಕೆಳಗಿದೆ ಅನ್ನೋದಷ್ಟೇ ಬಲ. ಅದೂ ತುಕ್ಕು ಹಿಡಿದ ಟ್ಯಾಂಕ್, ಫಿಲ್ಟರ್ ಒಂದೇ ಮಳೆಗಾಲದಲ್ಲಿ ಕಂದು ಹಿಟ್ಟಿನಿಂದ ಕಟ್ಟಿ ಹೋಗಿರ್ತದೆ. ಮೇಲಾಗಿ ಅದನ್ನ ಹಾಕುವಾಗ ಪೈಪ್ ಉದ್ದ ಬಿಟ್ಟು ಎಲ್ಲೋ ಮಡಚಿ ಕೂತಿದ್ರೆ ಅಲ್ಲಿ ಗಾಳಿ ಸಿಕ್ಕಿಕೊಳ್ಳೋದೂ ಉಂಟು.

ಪರೀಕ್ಷೆ ಸುಲಭ, ಇಂಜಿನ್ ತಣ್ಣಗಿರುವಾಗ ಬಯಲಲ್ಲಿ ಮಾಡಿ, ಹತ್ರ ಬೀಡಿ ಸಿಗರೇಟ್ ಬೇಡ. ಪೈಪನ್ನ ಕಾರ್ಬೊರೇಟರ್ ಕಡೆಯಿಂದ ಕಿತ್ತು, ಗೆರೆ ಇರುವ ಬಾಟಲಿಗೆ ಬಿಟ್ಟು, ಕಾಕ್ ತೆರೆದು ಒಂದು ನಿಮಿಷ ನೋಡಿ. ನನ್ನ ಅಂದಾಜಲ್ಲಿ ಆರಾಮಾಗಿ 150 ಎಂಎಲ್ ಮೇಲೆ ಬರ್ಬೇಕು, ಧಾರೆ ಕಡೀದೆ ಬರ್ಬೇಕು. ಫಿಲ್ಟರ್ ಇಟ್ಟು ಒಮ್ಮೆ, ತೆಗೆದು ಒಮ್ಮೆ. ಇನ್ನೊಂದು ವಿಷಯ, ಶುರುವಿಗೆ ಚೆನ್ನಾಗಿ ಬಂದು ಆಮೇಲೆ ಸಣ್ಣ ಆಗ್ತಾ ಹೋಗಿ ಟ್ಯಾಂಕ್ ಮುಚ್ಚಳ ತೆಗೆದ ಕೂಡ್ಲೇ ಮತ್ತೆ ಜೋರಾದ್ರೆ ತಪ್ಪು ಫಿಲ್ಟರಿನದ್ದಲ್ಲ, ಮುಚ್ಚಳದ ಗಾಳಿ ತೂತಿನದ್ದು. ಪೆಟ್ರೋಲ್ ಕೆಳಗೆ ಇಳಿದಷ್ಟು ಗಾಳಿ ಮೇಲಿಂದ ಒಳಗೆ ಬರ್ಬೇಕಲ್ಲ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಆ ಸಣ್ಣ ತೂತು ತುಕ್ಕಲ್ಲೇ ಮುಚ್ಚಿ ಹೋಗ್ತದೆ, ಮತ್ತೆ ಮಳೆಗಾಲದಲ್ಲಿ ಟ್ಯಾಂಕಿಗೆ ನೀರು ಇಳೀತದೆ ಅಂತ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕೊಟ್ಟೆ ಬಿಗಿಯಾಗಿ ಕಟ್ಟುವ ಅಭ್ಯಾಸ ತುಂಬಾ ಜನರಿಗೆ ಉಂಟು. ನೀರೂ ಇಳಿಯಲ್ಲ ಗಾಳಿಯೂ ಇಳಿಯಲ್ಲ. ಹೈವೇಲಿ ಗಾಡಿ ಸೋತಾಗ ಸೈಡಿಗೆ ಹಾಕಿ ಮುಚ್ಚಳ ತೆಗೀರಿ, ಸುಯ್ ಅಂತ ಸದ್ದು ಬಂದ್ರೆ ಅಲ್ಲಿಗೆ ಪತ್ತೆ ಆಯ್ತು.

ಇವೆರಡೂ ಸರಿ ಇದ್ರೆ ಕಾಕ್ ಬಿಚ್ಚಿ ಅದರ ಜಾಳಿಗೆ ನೋಡಿ, ಆಮೇಲೆ ಫ್ಲೋಟ್ ನೀಡಲ್ (ಬೌಲಿಗೆ ಪೆಟ್ರೋಲ್ ಬಿಟ್ಟು ನಿಲ್ಲಿಸುವ ಸೂಜಿ). ಯಾವುದು ಅಂತ ಗೊಂದಲ ಆದ್ರೆ ಒಂದು ಉಪಾಯ ಉಂಟು, ನನಗೆ ಅತಿ ನಂಬಿಕೆಯ ಉಪಾಯ. ಗಾಡಿ ಸೋಲುವ ಆ ಹೊತ್ತಿಗೇ ಕ್ಲಚ್ ಹಿಡಿದು ಸ್ವಿಚ್ ಆಫ್ ಮಾಡಿ ಸೈಡಿಗೆ ನಿಲ್ಲಿಸಿ ಕೂಡ್ಲೇ ಕಾಕ್ ಬಂದ್ ಮಾಡಿ. ಇಂಜಿನ್ ಆರಿದ ಮೇಲೆ ಬೌಲಲ್ಲಿ ಎಷ್ಟು ಉಳಿದಿದೆ ಅಂತ ಒಂದು ಮುಚ್ಚಳಕ್ಕೆ ಬಗ್ಗಿಸಿ ನೋಡಿ. ತಳದಲ್ಲಿ ಚೂರು ಇದ್ರೆ ಮೇಲಿಂದ ಬರ್ತಾ ಇಲ್ಲ. ಬೌಲ್ ತುಂಬಿದ್ದೂ ಗಾಡಿ ಸೋತಿದ್ರೆ ಪೆಟ್ರೋಲ್ ಬೌಲ್ ತನಕ ಬಂದಿದೆ, ತೊಂದ್ರೆ ಅಲ್ಲಿಂದ ಮುಂದೆ, ಮೇನ್ ಜೆಟ್ಟಲ್ಲಿ (ಬೌಲಿಂದ ಇಂಜಿನಿಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು) ಕಸ ಇರಬಹುದು ಅಥವಾ ಇಗ್ನಿಷನ್ ಇರಬಹುದು. ಮೇನ್ ಜೆಟ್ಟನ್ನ ಬೆಳಕಿಗೆ ಹಿಡಿದು ನೋಡಿ, ತೂತು ಪೂರ್ತಿ ದುಂಡಗೆ ಕಾಣ್ಬೇಕು. ಸೂಜಿ, ತಂತಿ ಹಾಕಿ ಕೆರೀಬೇಡಿ, ಮೆತ್ತನೆ ಹಿತ್ತಾಳೆ, ತೂತು ದೊಡ್ಡದಾದ್ರೆ ಆ ಜೆಟ್ ಮೇಲಿನ ನಂಬರಿಗೆ ಅರ್ಥ ಉಳಿಯಲ್ಲ. ಗಾಳಿ ಹೊಡೆದ್ರೆ ಸಾಕು.

ಪತ್ತೆ ಆಗುವ ತನಕ ದಯವಿಟ್ಟು ಫುಲ್ ಎಕ್ಸಲೇಟರ್ ಎಳೀಬೇಡಿ. ಇದು ನಾನು ನಿಜವಾಗಿ ಹೆದರಿ ಹೇಳುವ ಮಾತು. ಟೂ ಸ್ಟ್ರೋಕಲ್ಲಿ ಪಿಸ್ಟನಿಗೆ ಬೇಕಾದ ತಂಪು ಎಷ್ಟೋ ಪಾಲು ಆ ಪೆಟ್ರೋಲಿಂದಲೇ ಸಿಗೋದು. ಪೆಟ್ರೋಲ್ ಕಡಿಮೆ ಆದ್ರೆ ಬೆಂಕಿ ಬಿಸಿ ಜಾಸ್ತಿ, ಪಿಸ್ಟನ್ ಉಬ್ಬಿ ಬ್ಲಾಕಲ್ಲಿ ಕಚ್ಚಿಕೊಳ್ತದೆ, ಹಿಂದಿನ ಚಕ್ರ ಲಾಕ್ ಆಗ್ತದೆ, ಎಂಬತ್ತರ ಸ್ಪೀಡಲ್ಲಿ ಹಿಂದೆ ಲಾರಿ ಇದ್ರೆ ಏನಾಗ್ತದೆ ಅಂತ ನಾನು ಹೇಳ್ಬೇಕಾಗಿಲ್ಲ. ಆದ್ದರಿಂದ ಹಳೇ ಟೂ ಸ್ಟ್ರೋಕ್ ಓಡಿಸುವವರ ಎಡಗೈಯ ಎರಡು ಬೆರಳು ಯಾವಾಗಲೂ ಕ್ಲಚ್ ಮೇಲೆ ಇರ್ಬೇಕು. ಇಂಜಿನ್ ತಾನಾಗೇ ಬಿಗಿ ಆಗ್ತಾ ಬಂತು ಅನ್ಸಿದ ಕ್ಷಣ ಕ್ಲಚ್ ಹಿಡೀರಿ. ನಿಮ್ಮ ಗಾಡೀಲಿ ಟೂಟಿಗೆ, ಅಂದ್ರೆ ಪೆಟ್ರೋಲ್ ಜೊತೆ ಸೇರಿ ಇಂಜಿನ್ ಒಳಗೆ ಜಾರಿಕೆ ಕೊಡುವ ಟೂ ಸ್ಟ್ರೋಕ್ ಆಯಿಲಿಗೆ, ಬೇರೆ ಪಂಪ್ ಉಂಟು, ಅದು ಎಕ್ಸಲೇಟರ್ ಕೇಬಲಿಗೆ ಜೋಡಿ ಆಗಿರ್ತದೆ. ಆ ಕೇಬಲ್ ಸಡಿಲ ಆಗಿದ್ರೆ ಪೂರ್ತಿ ಎಳೆದಾಗ ಆಯಿಲ್ ಸಾಕಷ್ಟು ಬರಲ್ಲ, ಅದನ್ನೂ ಇದೇ ಸಲ ನೋಡಿಸಿಬಿಡಿ.

ಇನ್ನೊಂದು ಮಾತು, ಈಗಿನ ಪೆಟ್ರೋಲ್. ಇ20, ಅಂದ್ರೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲ್, 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ಬಿಡುಗಡೆ ಆದದ್ದು, ಈಗ ಬಂಕಲ್ಲಿ ಸಾಮಾನ್ಯವಾಗಿ ಸಿಗೋದೇ ಅದು. ಎಥೆನಾಲ್ ಉರಿಯೋದಕ್ಕೆ ಪೆಟ್ರೋಲಿನಷ್ಟು ಗಾಳಿ ಬೇಡ, ಹಾಗಾಗಿ ಹಳೇ ಜೆಟ್ಟಲ್ಲೇ ಓಡಿಸಿದ್ರೆ ಮಿಶ್ರಣ ಸ್ವಲ್ಪ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಆಗ್ತದೆ. ಮೊದಲೇ ಪೆಟ್ರೋಲ್ ಸಾಲದ ಗಾಡಿಗೆ ಇದು ಇನ್ನೂ ಕಷ್ಟ. ಹರಿವು ಸರಿ ಮಾಡಿದ ಮೇಲೆ ಹೊಸ ಪ್ಲಗ್ ಹಾಕಿ, ಖಾಲಿ ರಸ್ತೇಲಿ ಪೂರ್ತಿ ಎಕ್ಸಲೇಟರಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಅಲ್ಲೇ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿ. ನಡುವಿನ ಪಿಂಗಾಣಿ ತಿಳಿ ಕಂದು ಇದ್ರೆ ಒಳ್ಳೇದು. ಸುಣ್ಣದಷ್ಟು ಬಿಳಿ ಇದ್ರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಸಿ. ಬಿಳಿ ಮೇಲೆ ಹೊಳೆಯುವ ಸಣ್ಣ ಚುಕ್ಕಿ ಕಂಡ್ರೆ ಅದು ಪಿಸ್ಟನಿನ ಅಲ್ಯುಮಿನಿಯಂ, ಅಲ್ಲಿಂದ ಗಾಡಿ ಓಡಿಸದೆ ತಳ್ಳಿಕೊಂಡೇ ಬನ್ನಿ.

ತುಕ್ಕಿನ ಟ್ಯಾಂಕನ್ನ ಹಾಗೇ ಬಿಟ್ಟು ಮತ್ತೆ ಮತ್ತೆ ಫಿಲ್ಟರ್ ಬದಲಿಸೋದು ದಾರಿ ಅಲ್ಲ. ಟ್ಯಾಂಕ್ ಇಳಿಸಿ, ಕಾಕ್ ತೆಗೆದು, ವಿನೆಗರ್ ತುಂಬಿ ಒಂದೆರಡು ದಿನ ಇಟ್ಟು, ಒಳಗೆ ಸಣ್ಣ ನಟ್ಟು ಹಾಕಿ ಅಲುಗಿಸಿ ತೊಳೆದು, ಅಡುಗೆ ಸೋಡಾ ಹಾಕಿದ ನೀರಲ್ಲಿ ಮತ್ತೊಮ್ಮೆ ತೊಳೆದು, ಪೂರ್ತಿ ಒಣಗಿಸಿ, ಕೂಡ್ಲೇ ಪೆಟ್ರೋಲಿಗೆ ಆಯಿಲ್ ಬೆರೆಸಿ ಒಳಗೆಲ್ಲ ಸವರಿಬಿಡಿ. ತಡ ಮಾಡಿದ್ರೆ ನಮ್ಮ ಹವೆಗೆ ಸಂಜೆ ಒಳಗೆ ಮತ್ತೆ ಕೆಂಪಗಾಗ್ತದೆ.

ಪ್ರಶ್ನೆ: ಶಿರಸಿ ಹತ್ರದ ಹಳ್ಳಿ ನಮ್ಮದು. ಮನೇಲಿ ಹಳೇ ಯೆಜ್ಡಿ ಉಂಟು. ಮಳೆಗಾಲ ಪೂರ್ತಿ ಕೊಟ್ಟಿಗೇಲಿ ನಿಂತಿತ್ತು. ದೀಪಾವಳಿಗೆ ತೆಗೆದ್ರೆ ಬಿಳಿ ಹೊಗೆ ಸಿಕ್ಕಾಪಟ್ಟೆ, ಐವತ್ತರ ಮೇಲೆ ಹೋಗೋದೇ ಇಲ್ಲ, ಮುಕ್ಕರಿಸ್ತದೆ. ಪ್ಲಗ್ ಬಿಚ್ಚಿದ್ರೆ ಎಣ್ಣೆ ಒದ್ದೆ. ಟೂಟಿ ಜಾಸ್ತಿ ಆಯ್ತಾ?
(ಶಿರಸಿ ತಾಲೂಕಿನ ಓದುಗರು)

ಉತ್ತರ: ಮೊದಲು ಗೇರ್ ಆಯಿಲ್ ಮಟ್ಟ ನೋಡಿ, ಟೂಟಿ ಮಾತು ಆಮೇಲೆ. ಯೆಜ್ಡೀಲಿ ಕ್ಲಚ್ ಮತ್ತೆ ಪ್ರೈಮರಿ ಚೈನ್ ಇರುವ ಎಡಗಡೆ ಕೇಸಲ್ಲಿ ಗೇರ್ ಆಯಿಲೇ ಓಡಾಡೋದು, ಅದಕ್ಕೂ ಕ್ರ್ಯಾಂಕಿಗೂ (ಪಿಸ್ಟನ್ ತಿರುಗಿಸುವ ದಂಡ) ನಡುವೆ ಇರೋದು ಒಂದು ರಬ್ಬರ್ ಆಯಿಲ್ ಸೀಲ್. ಗಾಡಿ ತಿಂಗಳುಗಟ್ಲೆ ನಿಂತಾಗ ಸೀಲಿನ ತುಟಿ ಗಟ್ಟಿ ಆಗ್ತದೆ, ಯೆಜ್ಡಿ ಮಾಡ್ತಿದ್ದ ಮೈಸೂರಿನ ಫ್ಯಾಕ್ಟರಿ ಮುಚ್ಚಿದ್ದೇ 1996ರಲ್ಲಿ, ಆಗಿನ ಸೀಲೇ ಇನ್ನೂ ಇದ್ರೆ ಕೇಳೋದೇ ಬೇಡ. ಪಿಸ್ಟನ್ ಮೇಲೆ ಹೋದಾಗೆಲ್ಲ ಕ್ರ್ಯಾಂಕ್ ಕೇಸ್ ಗೇರ್ ಆಯಿಲನ್ನ ಒಳಗೆ ಎಳೀತದೆ, ಅದು ಸುಟ್ಟು ಬಿಳಿ ಹೊಗೆ ಆಗಿ ಬರ್ತದೆ. ವಾಸನೆಯಲ್ಲೇ ಗೊತ್ತಾಗ್ತದೆ, ಟೂಟಿ ಹೊಗೆಯ ವಾಸನೆ ನಿಮಗೆ ಅಭ್ಯಾಸ ಇದ್ದೇ ಇರ್ತದೆ, ಇದು ಅದಕ್ಕಿಂತ ಕಟು, ಕಣ್ಣು ಉರಿಸ್ತದೆ. ಆಯಿಲ್ ತುಂಬಿ ಒಂದಿಷ್ಟು ದಿನ ಓಡಿಸಿ ಮತ್ತೆ ನೋಡಿ. ಹೊರಗೆಲ್ಲೂ ಸೋರದೆ ಮಟ್ಟ ಇಳಿದಿದ್ರೆ ಸೀಲ್ ಬದಲಿಸಿ, ಬೇರೆ ಔಷಧ ಇಲ್ಲ. ಒಂದು ಬದಿ ಬಿಚ್ಚಿದಾಗ ಎರಡೂ ಬದಿಯದ್ದು ಬದಲಿಸಿಬಿಡಿ. ಯಾಕಂದ್ರೆ ಬಲಗಡೆ ಡೈನಮೋ ಬದಿಯ ಸೀಲ್ ಹೋದ್ರೆ ಅಲ್ಲಿ ಎಣ್ಣೆ ಇಲ್ಲ, ಬರೀ ಗಾಳಿ ಒಳಗೆ ಹೋಗ್ತದೆ, ಹೊಗೆ ಬರಲ್ಲ, ಏನೂ ಸುಳಿವು ಕೊಡದೆ ಇಂಜಿನ್ ಬಿಸಿ ಆಗಿ ಜಾಮ್ ಆಗ್ತದೆ. ಎಕ್ಸಲೇಟರ್ ಬಿಟ್ರೂ ರೇಸ್ ತಕ್ಷಣ ಇಳೀದೆ ಇದ್ರೆ ಆ ಬದಿ ಮೇಲೆ ಅನುಮಾನ ಪಡಿ.

ಇದರ ಜೊತೆ ಸೈಲೆನ್ಸರ್. ಅಷ್ಟು ಎಣ್ಣೆ ಸುಟ್ಟ ಮೇಲೆ ಒಳಗೆ ಮಸಿ ಕಟ್ಟದೆ ಇರಲ್ಲ. ಯೆಜ್ಡೀದು ಒಂದೇ ಸಿಲಿಂಡರ್ ಆದ್ರೂ ಸೈಲೆನ್ಸರ್ ಎರಡು, ಇದು ನಿಮಗೆ ಅನುಕೂಲ. ಇಂಜಿನ್ ಚಾಲೂ ಮಾಡಿ ಎರಡರ ಹಿಂದೆಯೂ ಸ್ವಲ್ಪ ದೂರದಲ್ಲಿ ಅಂಗೈ ಹಿಡೀರಿ. ಒಂದರಿಂದ ಗಾಳಿ ರಪ ರಪ ಬಡಿದು ಇನ್ನೊಂದರಿಂದ ಸುಮ್ಮನೆ ಬೆಚ್ಚಗೆ ಬಂದ್ರೆ ಆ ಸೈಲೆನ್ಸರ್ ಕಟ್ಟಿದೆ. ಹಿಂದಿನ ಬೋಲ್ಟ್ ಬಿಚ್ಚಿದ್ರೆ ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ತೂತಿನ ಕೊಳವೆ) ಹೊರಗೆ ಬರ್ತದೆ, ತೂತುಗಳೆಲ್ಲ ಡಾಂಬರು ಬಳಿದ ಹಾಗೆ ಮುಚ್ಚಿರೋದು ಕಣ್ಣಿಗೇ ಕಾಣ್ತದೆ. ಕೆರೆದು, ತಂತಿ ಬ್ರಶ್ಶಲ್ಲಿ ಉಜ್ಜಿ, ಹಟ ಹಿಡಿದ್ರೆ ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಸಿಡಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು, ಸೋಡಾವನ್ನ ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕ್ಬೇಕು, ಸೋಡಾ ಮೇಲೆ ನೀರು ಹೊಯ್ಯಬಾರದು. ಕಬ್ಬಿಣಕ್ಕೆ ಮಾತ್ರ ಇದು, ಅಲ್ಯುಮಿನಿಯಂ ಹೆಡ್, ಪಿಸ್ಟನ್ ಮುಳುಗಿಸಿದ್ರೆ ತಿಂದು ಹಾಕ್ತದೆ. ಬ್ಲಾಕಿನ ಎಕ್ಸಾಸ್ಟ್ ಪೋರ್ಟಲ್ಲೂ (ಹೊಗೆ ಹೊರಗೆ ಹೋಗುವ ತೂತು) ಮಸಿ ಇರ್ತದೆ, ಅದನ್ನ ಪಿಸ್ಟನ್ ಕೆಳಗೆ ಇಳಿಸಿ ಮರದ ಕಡ್ಡಿಯಲ್ಲಿ ಕೆರೀರಿ.

ಮಸಿ ಕಟ್ಟಿದ ಗಾಡಿಯ ಲಕ್ಷಣ ಮೇಲಿನ ಕುಮಟಾದವರದ್ದಕ್ಕಿಂತ ಬೇರೆ ಅನ್ನೋದನ್ನ ಗಮನಿಸಿ. ಅವರದ್ದು ಹೋಗಿ ಸೋಲ್ತದೆ. ನಿಮ್ಮದು ಆ ಸ್ಪೀಡ್ ಮುಟ್ಟೋದೇ ಇಲ್ಲ, ನಿಧಾನ ಮಾಡಿ ಮತ್ತೆ ಎಳೆದ್ರೂ ಅಷ್ಟೇ.

ಟೂಟಿ ವಿಷಯ ಕೇಳಿದ್ರಿ, ಲೀಟರಿಗೆ 30ರಿಂದ 40 ಎಂಎಲ್ ಸಾಕು. ಭದ್ರ ಇರ್ಲಿ ಅಂತ ಎರಡು ಪಾಲು ಹಾಕುವವರು ಒಂದು ತಿಳ್ಕೊಳ್ಬೇಕು, ಜೆಟ್ಟಲ್ಲಿ ಹೋಗುವ ಪ್ರಮಾಣ ಹೆಚ್ಚು ಕಡಿಮೆ ಅಷ್ಟೇ, ಅದರಲ್ಲಿ ಎಣ್ಣೆ ಜಾಸ್ತಿ ಆದ್ರೆ ಪೆಟ್ರೋಲ್ ಆ ಮಟ್ಟಿಗೆ ಕಡಿಮೆ ಆಯ್ತು, ಮಸಿ ಬೇರೆ. ಹಾಗೇ ಮಳೆಗಾಲ ದಾಟಿದ ಹಳೇ ಪೆಟ್ರೋಲನ್ನ ಗಾಜಿನ ಬಾಟಲೀಲಿ ಹಿಡಿದಿಟ್ಟು ನೋಡಿ. ಎಥೆನಾಲ್ ನೀರನ್ನ ಎಳ್ಕೊಳ್ತದೆ, ಜಾಸ್ತಿ ಆದ್ರೆ ಎರಡೂ ಸೇರಿ ತಳದಲ್ಲಿ ಬೇರೆ ಪದರ ಆಗಿ ನಿಲ್ತದೆ. ಕಾಕ್ ಇರೋದೇ ಟ್ಯಾಂಕಿನ ತಳದಲ್ಲಿ. ಪದರ ಕಂಡ್ರೆ ಪೂರ್ತಿ ಖಾಲಿ ಮಾಡಿ.

ಪ್ರಶ್ನೆ: ಕಾರವಾರದಲ್ಲಿ ಫ್ರೆಂಡ್ಸ್ ಎಲ್ಲ ಆರ್‌ಎಕ್ಸ್ ಬ್ಯಾಫಲ್ ತೆಗೆಸಿ ಓಡಿಸ್ತಾರೆ. ಮಸಿ ಕಟ್ಟುವ ತಾಪತ್ರಯವೇ ಇಲ್ಲ, ಟಾಪ್ ಸ್ಪೀಡೂ ಜಾಸ್ತಿ ಅಂತಾರೆ. ಹೌದಾ?
(ಕಾರವಾರದ ಓದುಗರು)

ಉತ್ತರ: ಸದ್ದು ಜಾಸ್ತಿ ಆದದ್ದಕ್ಕೆ ಸ್ಪೀಡ್ ಜಾಸ್ತಿ ಆಯ್ತು ಅನ್ಸೋದು. ಟೂ ಸ್ಟ್ರೋಕ್ ಸೈಲೆನ್ಸರ್ ಬರೀ ಹೊಗೆ ಹೊರಗೆ ಬಿಡುವ ಕೊಳವೆ ಅಲ್ಲ, ಇಂಜಿನಿನ ಒಂದು ಭಾಗವೇ. ಇದರ ಎಕ್ಸಾಸ್ಟಿಗೆ ವಾಲ್ವ್ ಇಲ್ಲದ ಕಾರಣ ಹೊಸ ಪೆಟ್ರೋಲ್ ಗಾಳಿ ಒಳಗೆ ಬರುವ ಹೊತ್ತಿಗೆ ಎಕ್ಸಾಸ್ಟ್ ಪೋರ್ಟ್ ತೆರೆದೇ ಇರ್ತದೆ, ಸ್ವಲ್ಪ ಸುಡದೆ ಹೊರಗೆ ಹೋಗಿಬಿಡ್ತದೆ. ಸೈಲೆನ್ಸರ್ ಒಳಗೆ ಅಗಲ ಆಗಿ ಮತ್ತೆ ಕಿರಿದಾಗುವ ಆಕಾರ ಉಂಟಲ್ಲ, ಅಲ್ಲಿ ಹೋಗಿ ಬಡಿದ ಒತ್ತಡದ ಅಲೆ ತಿರುಗಿ ಬಂದು, ಪೋರ್ಟ್ ಮುಚ್ಚುವ ಮೊದಲು ಆ ಹೊರಗೆ ಹೋದದ್ದನ್ನ ಒಳಗೆ ತಳ್ತದೆ. ಆರ್‌ಎಕ್ಸ್ 100 ಬರೀ 98 ಸಿಸಿಯಲ್ಲಿ 11 ಅಶ್ವಶಕ್ತಿ ಕೊಡೋದರಲ್ಲಿ ಈ ಅಲೆಯ ಪಾಲು ದೊಡ್ಡದು. ಹಿಂದೆ ಬ್ಯಾಫಲ್ ಇಲ್ಲದಿದ್ರೆ ಒಳಗೆ ನಿಲ್ಲಬೇಕಾದ ಒತ್ತಡ ನಿಲ್ಲೋದಿಲ್ಲ, ನಡು ರೇಸಿನ ಎಳೆತ ಹೋಗ್ತದೆ, ಜೆಟ್ ಹಳೇದೇ ಇದ್ರೆ ಮಿಶ್ರಣ ಲೀನ್ ಆಗೋದೂ ಉಂಟು. ಅಮದಳ್ಳಿ ಕಡೆ ಏರಲ್ಲಿ ಬ್ಯಾಫಲ್ ಇರುವ ಒಳ್ಳೇ ಗಾಡಿ ಜೊತೆ ಒಂದೇ ಗೇರಲ್ಲಿ ಹತ್ತಿಸಿ ನೋಡಿದ್ರೆ ವ್ಯತ್ಯಾಸ ಗೊತ್ತಾಗ್ತದೆ. ಮತ್ತೆ ರಾತ್ರಿ ಹನ್ನೊಂದಕ್ಕೆ ಆ ಸದ್ದಿಗೆ ಎದ್ದು ಕೂರುವ ಮಕ್ಕಳು, ವಯಸ್ಸಾದವರು ನಿಮ್ಮ ಬೀದೀಲೂ ಇದ್ದಾರೆ, ಪೊಲೀಸ್ ದಂಡದ ಮಾತು ಬೇರೆ. ತೆಗೆದು ತೊಳೆದು ಮತ್ತೆ ಹಾಕಿ.

ಪ್ರಶ್ನೆ: ಬೈಕ್ ಅಲ್ಲ, ತೋಟದ ಕಳೆ ಕೊಚ್ಚುವ ಮೆಷಿನ್. ಚಾಲೂ ಆಗ್ತದೆ, ಪೂರ್ತಿ ರೇಸ್ ಕೊಟ್ರೆ ಏರೋದಿಲ್ಲ. ಇದಕ್ಕೂ ನೀವು ಹೇಳ್ತೀರಾ?
(ಯಲ್ಲಾಪುರದ ಓದುಗರು)

ಉತ್ತರ: ಧಾರಾಳವಾಗಿ, ಅದೂ ಟೂ ಸ್ಟ್ರೋಕೇ ಆದ್ರೆ ಲೆಕ್ಕ ಒಂದೇ. ಸೈಲೆನ್ಸರ್ ಬಾಯಲ್ಲಿ ಕಿಡಿ ಹಾರದ ಹಾಗೆ ಒಂದು ಸಣ್ಣ ಜಾಳಿಗೆ ಇಟ್ಟಿರ್ತಾರೆ ಹೆಚ್ಚಿನದಕ್ಕೆ, ಅದು ಮಸಿಯಲ್ಲಿ ಮುಚ್ಚಿರ್ತದೆ, ಎರಡು ಸ್ಕ್ರೂ ತೆಗೆದು ಬ್ರಶ್ ಹಾಕಿ. ಆಮೇಲೆ ಏರ್ ಫಿಲ್ಟರ್ ಸ್ಪಂಜ್ ತೊಳೀರಿ. ಅದಕ್ಕೂ ಏರದಿದ್ರೆ ಟ್ಯಾಂಕ್ ಒಳಗೆ ಪೈಪಿನ ತುದೀಲಿ ಗುಂಡಿನ ಹಾಗೆ ನೇತಾಡುವ ಫಿಲ್ಟರ್ ಉಂಟು, ತಂತಿ ಕೊಕ್ಕೆಯಲ್ಲಿ ಎಳೆದು ಬದಲಿಸಿ, ಆ ಪೈಪ್ ಇ20ಗೆ ಗಟ್ಟಿಯಾಗಿ ಬಿರುಕು ಬಿಟ್ಟಿದ್ರೆ ಅದನ್ನೂ. ಜಾಳಿಗೆ ತೆಗೆದೇ ಓಡಿಸ್ಬೇಡಿ, ಬೇಸಿಗೇಲಿ ತೋಟದ ತರಗೆಲೆಗೆ ಒಂದು ಕಿಡಿ ಸಾಕು.